ಘಾಲಾದ ಆಫೀಸಿನಲ್ಲಿ ನಾವು ಓದಿದ ಕಾಯಿದೆ

ಮಸ್ಕತ್ತಿನ ಘಾಲಾದಲ್ಲಿ ಆಗ ಗ್ಯಾರೇಜುಗಳೇ ಹೆಚ್ಚು. ನಮ್ಮ ಆಫೀಸಿನ ಒಂದು ಬದಿಗೆ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡು, ಇನ್ನೊಂದು ಬದಿಗೆ ಟಯರಿನ ಗೋದಾಮು. ನಡುವಿನ ಎರಡಂತಸ್ತಿನ ಕಟ್ಟಡದಲ್ಲಿ ನಾವು ಆಸ್ಪತ್ರೆಗಳಿಗೆ ಎಕ್ಸ್‌ರೇ ಯಂತ್ರ ತರಿಸಿ ಕೊಡುತ್ತಿದ್ದೆವು. ಕೆಳಗೆ ಸ್ಟೋರು, ಮೇಲೆ ಆಫೀಸು. ಮದುವೆಯಾಗಿ ಒಮಾನಿಗೆ ಬಂದ ಮರುವರ್ಷ, ಎಂಬತ್ತರ ದಶಕದ ಕೊನೆಗೆ, ನಾನು ಅಲ್ಲಿ ಸೆಕ್ರೆಟರಿಯಾಗಿ ಸೇರಿಕೊಂಡೆ. ನನ್ನ ಗಂಡನಿಗೆ ರೂವಿಯ ಒಂದು ಬ್ಯಾಂಕಿನಲ್ಲಿ ಕೆಲಸ. ನಮ್ಮದು ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತ ಮನೆತನ. ನಾನು ಓದಿದ್ದು ಕನ್ನಡ ಶಾಲೆ, ಆಫೀಸಿನಲ್ಲಿ ಟೈಪ್ ಮಾಡಿದ್ದೆಲ್ಲ ಇಂಗ್ಲಿಷು, ಸ್ಟೋರಿಗೆ ಇಳಿದರೆ ಹಿಂದಿ. ಯಾವ ಮಾತನ್ನು ಯಾವ ಭಾಷೆಯಲ್ಲಿ ಕೇಳಿದೆನೆಂಬುದು ಈಗ ಕಲಸಿಹೋಗಿದೆ. ನೆನಪಿಗೆ ಬರುವಾಗ ಎಲ್ಲವೂ ಕನ್ನಡದಲ್ಲೇ ಬರುತ್ತದೆ.

ನಮ್ಮ ಯಂತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಒಂದು ಕಂಪನಿಯವು. ಅವರಿಗೆ ಆರ್ಡರ್ ಕಳಿಸುವಾಗಲೆಲ್ಲ ಕೊನೆಗೆ ಒಂದು ಪ್ಯಾರಾ ಸೇರಿಸಬೇಕಿತ್ತು. ಈ ಮಾಲನ್ನು ನಾವು ಇಂತಿಂಥ ದೇಶಗಳಿಗೆ ಕಳಿಸುವುದಿಲ್ಲ, ಮಾರುವುದಿಲ್ಲ ಎಂಬ ಒಪ್ಪಿಗೆ. ಲಿಬಿಯಾ, ಸಿರಿಯಾ, ಇರಾನ್, ಕ್ಯೂಬಾ, ದಕ್ಷಿಣ ಯೆಮೆನ್, ಆಮೇಲೆ ಉತ್ತರ ಕೊರಿಯಾ. ನಮ್ಮ ಮನೆಗಳಲ್ಲಿ ಸಂಜೆಯ ಜಪಮಾಲೆ ಮುಗಿಯುವಾಗ ಸಂತರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ರೂಢಿಯಿದೆ. ಹಾಗೆಯೇ ನನ್ನ ಬೆರಳುಗಳು ಈ ಹೆಸರುಗಳನ್ನು ಹೊಡೆದು ಮುಗಿಸುತ್ತಿದ್ದವು. ಅರ್ಥ ಕೇಳುವ ಗೊಡವೆಗೆ ನಾನು ಹೋಗಿರಲಿಲ್ಲ.

ಕೇಳುವಂತಾದದ್ದು 1990ರಲ್ಲಿ. ಎರಡು ಯೆಮೆನ್‌ಗಳು ಒಂದಾದವು, ದಕ್ಷಿಣ ಯೆಮೆನ್ ಎಂಬ ದೇಶವೇ ಇಲ್ಲವಾಯಿತು, ಪ್ಯಾರಾದಿಂದ ಆ ಹೆಸರು ತೆಗೆಯಬೇಕೆಂದು ಫ್ಯಾಕ್ಸ್ ಬಂತು. ಕೆಲವು ತಿಂಗಳಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಇರಾಕ್ ಎಂದು ಸೇರಿಸಿ ಎಂದು ಇನ್ನೊಂದು ಫ್ಯಾಕ್ಸ್. ಇದೇನು, ಶಾಲೆಯ ಹಾಜರಿಯ ಹಾಗೆ ಹೆಸರು ಹೊಡೆದುಹಾಕುವುದು, ಬರೆಯುವುದು, ಯಾರು ಹೀಗೆ ತೀರ್ಮಾನಿಸುತ್ತಾರೆ ಎಂದು ನಾನು ನಮ್ಮ ಅರ್ಬಾಬರನ್ನು ಕೇಳಿದೆ.

ಅರ್ಬಾಬ್ ಎಂದರೆ ಯಜಮಾನರು. ಅವರು ಒಮಾನಿಯೇ ಆದರೂ ಹುಟ್ಟಿ ಬೆಳೆದದ್ದು ಆಫ್ರಿಕದ ಕರಾವಳಿಯ ಜಂಜಿಬಾರಿನಲ್ಲಿ. ಎಪ್ಪತ್ತರ ದಶಕದಲ್ಲಿ ಅಂಥವರು ಅನೇಕರು ಹಿರಿಯರ ನಾಡಿಗೆ ಮರಳಿ ಬಂದಿದ್ದರು. ಅವರ ಇಂಗ್ಲಿಷು ನಮ್ಮೆಲ್ಲರಿಗಿಂತ ಚೆನ್ನಾಗಿತ್ತು, ಅರಬ್ಬಿಯಲ್ಲಿ ಮಾತ್ರ ಸ್ವಲ್ಪ ತಡವರಿಕೆ. ಅವರು ಕುರ್ಚಿ ತೋರಿಸಿ ಕೂರಿಸಿ ವಿವರಿಸಿದರು. ಅಮೆರಿಕದಲ್ಲಿ ಒಂದು ಕಾಯಿದೆಯಿದೆ. ಬೇರೊಂದು ದೇಶದ ಸರಕಾರ ಮತ್ತೆ ಮತ್ತೆ ಭಯೋತ್ಪಾದನೆಗೆ ನೆರವಾಗುತ್ತಿದೆ ಎಂದು ಅವರ ವಿದೇಶಾಂಗ ಮಂತ್ರಿಗೆ ಮನವರಿಕೆಯಾದರೆ, ಆ ದೇಶದ ಹೆಸರನ್ನು ಪಟ್ಟಿಗೆ ಸೇರಿಸಬಹುದು. ಸೇರಿಸಿದ ಮೇಲೆ ಆ ಸರಕಾರಕ್ಕೆ ಆಯುಧ ಮಾರುವ ಹಾಗಿಲ್ಲ, ನೆರವು ಕೊಡುವ ಹಾಗಿಲ್ಲ, ಹಲವು ಬಗೆಯ ಸಾಮಾನು ಕಳಿಸುವುದಕ್ಕೆ ಅಪ್ಪಣೆ ಬೇಕು, ಅಂತರರಾಷ್ಟ್ರೀಯ ಬ್ಯಾಂಕುಗಳು ಸಾಲ ಕೊಡ ಹೊರಟರೆ ಅಮೆರಿಕ ಅದನ್ನು ವಿರೋಧಿಸಬೇಕು. ಇಷ್ಟು ಹೇಳಿ ಅವರು, ನಮಗೆ ಇದರಲ್ಲಿ ಎಂಥದೂ ಇಲ್ಲ, ನಾವು ಯಂತ್ರವನ್ನು ಒಮಾನಿನೊಳಗೇ ಸಹಮ್‌ಗೆ ಕಳಿಸುತ್ತೇವೆ, ಸಲಾಲಾಕ್ಕೆ ಕಳಿಸುತ್ತೇವೆ, ಪ್ಯಾರಾ ಟೈಪ್ ಮಾಡಿದರೆ ಆಯಿತು ಎಂದರು.

ಆ ವರ್ಷದ ಕೊನೆಗೇ ಸುಡಾನಿನ ಇಂಜಿನಿಯರು ನಮ್ಮಲ್ಲಿಗೆ ಬಂದದ್ದು. ಎತ್ತರದ ಆಳು, ಮೆಲುದನಿ. ಖಾರ್ಟೂಮಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಯಂತ್ರಗಳ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರು. ಅಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಡಾಕ್ಟರರನ್ನೂ ಮೇಷ್ಟರನ್ನೂ ಇಂಜಿನಿಯರರನ್ನೂ ಗುಂಪುಗುಂಪಾಗಿ ಕೆಲಸದಿಂದ ತೆಗೆದಿದ್ದರು. ಇವರನ್ನೂ ತೆಗೆದರು. ಅದನ್ನು ಅವರು ಹೇಳಿದ್ದು ಒಂದೇ ಸಲ, ಊರಿನ ಹವೆಯ ವಿಷಯ ಹೇಳುವ ದನಿಯಲ್ಲಿ. ನಾವೆಲ್ಲ ಅವರನ್ನು ಮುಹಂದಿಸ್ ಎನ್ನುತ್ತಿದ್ದೆವು. ಅರಬ್ಬಿಯಲ್ಲಿ ಇಂಜಿನಿಯರಿಗೆ ಹಾಗೆನ್ನುತ್ತಾರೆ, ಅದು ಗೌರವದ ಕರೆಯೂ ಹೌದು. ಅವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಯಾವುದೇ ಕಾಗದ ಕೈಗೆ ಬಂದರೂ ಪೂರ್ತಿ ಓದದೆ ಸಹಿ ಹಾಕುವವರಲ್ಲ. ಅವರದೇ ರಜೆ ಅರ್ಜಿಯನ್ನೂ ಅವರು ಓದಿ ಮುಗಿಸುವ ತನಕ ನಾನು ಕಾದು ನಿಲ್ಲಬೇಕಾಗುತ್ತಿತ್ತು.

ಸ್ಟೋರು ನೋಡಿಕೊಳ್ಳುತ್ತಿದ್ದವರು ಕರಾಚಿಯ ಒಬ್ಬ ಹಿರಿಯರು. ಮೊಣಕಾಲು ನೋವಿನವರು. ಮೆಟ್ಟಿಲು ಹತ್ತಿ ಮೇಲೆ ಬರಲು ಕಷ್ಟವಾದ್ದರಿಂದ ಮಧ್ಯಾಹ್ನದ ಊಟಕ್ಕೆ ನಾವೇ ಕೆಳಗೆ ಇಳಿಯುತ್ತಿದ್ದೆವು. ಘಾಲಾದಿಂದ ಮನೆಗೆ ಹೋಗಿ ಬರುವಷ್ಟು ಹೊತ್ತಿರುತ್ತಿರಲಿಲ್ಲ. ಹೀಗಾಗಿ ಪ್ಯಾಕಿಂಗ್ ಪೆಟ್ಟಿಗೆಗಳ ನಡುವೆ ಒಂದು ಮೇಜು ಹಾಕಿಕೊಂಡು ನಾವು ಮೂವರೂ ಊಟ ಮಾಡುತ್ತಿದ್ದೆವು. ನನ್ನ ಡಬ್ಬಿಯ ಬಂಗುಡೆ ಮೀನಿನ ಗಸಿ ಅವರಿಬ್ಬರಿಗೂ ಇಷ್ಟ. ಆ ಹಿರಿಯರನ್ನು ನಾನು ಭಾಯ್‌ಸಾಹೇಬ್ ಎನ್ನುತ್ತಿದ್ದೆ, ಅವರು ನನ್ನನ್ನು ಬೆಹನ್‌ಜಿ ಎನ್ನುತ್ತಿದ್ದರು. ದೇಶಗಳ ವಿಷಯ ನಾವು ಎತ್ತುತ್ತಿರಲಿಲ್ಲ. ಕ್ರಿಕೆಟ್ ಪಂದ್ಯದ ಮರುದಿನ ಮಾತ್ರ ಗೆದ್ದ ಕಡೆಯವರು ಸ್ವಲ್ಪ ಕಡಿಮೆ ಮಾತಾಡಬೇಕೆಂಬ ಒಂದು ಕಟ್ಟಳೆ ತಾನಾಗಿ ಬೆಳೆದಿತ್ತು.

1993ರ ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ಬಾಂಬುಗಳು ಸಿಡಿದವು. ಅಂದು ಶುಕ್ರವಾರ, ನಮಗೆ ರಜೆ. ಸಂಜೆ ರೇಡಿಯೋದಲ್ಲಿ ಸುದ್ದಿ ಕೇಳಿದೆ. ನನ್ನ ಅಣ್ಣ ಇದ್ದದ್ದು ಅಲ್ಲೇ, ಫೋರ್ಟ್ ಕಡೆಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ. ಮನೆಯಿಂದ ಹೊರದೇಶಕ್ಕೆ ಫೋನು ಮಾಡುವ ಸೌಕರ್ಯ ನಮಗಿರಲಿಲ್ಲ. ಮರುದಿನ ಬೆಳಿಗ್ಗೆ ಆಫೀಸಿಗೆ ಓಡಿದೆ. ಅರ್ಬಾಬರು ತಮ್ಮ ಕೋಣೆಯ ಫೋನನ್ನು ನನಗೆ ಬಿಟ್ಟುಕೊಟ್ಟರು. ಲೈನು ಸಿಗುವುದೇ ಇಲ್ಲ. ವಿಷಯ ತಿಳಿದು ಭಾಯ್‌ಸಾಹೇಬ್ ಅಷ್ಟೂ ಮೆಟ್ಟಿಲು ಹತ್ತಿ ಬಂದು, ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು, ಎದುರು ಕೂತು ನಂಬರು ತಿರುಗಿಸುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಲೈನು ಸಿಕ್ಕಿತು. ಅತ್ತಿಗೆಯ ದನಿ ಕೇಳಿದ ಕೂಡಲೇ ಅವರು ರಿಸೀವರನ್ನು ನನ್ನ ಕಿವಿಗೆ ಹಿಡಿದು ಹೊರಗೆ ಹೋದರು. ಅಣ್ಣ ಬದುಕಿದ್ದ. ಕಿಟಕಿಯ ಗಾಜು ಹೊಡೆದು ಮುಖದ ಒಂದು ಬದಿ ಕತ್ತರಿಸಿಹೋಗಿತ್ತು. ಎಡಗಿವಿ ಆಮೇಲೆ ಕೇಳಿಸಲೇ ಇಲ್ಲ.

ಆ ಬೇಸಗೆಯಿಡೀ ನಮ್ಮ ಭಾರತೀಯರ ಬಾಯಲ್ಲಿ ಒಂದೇ ಮಾತು. ಅಮೆರಿಕ ಪಾಕಿಸ್ತಾನವನ್ನು ಪರಿಶೀಲನೆಯಲ್ಲಿ ಇಟ್ಟಿದೆಯಂತೆ, ಈ ಸಲ ಪಟ್ಟಿಗೆ ಸೇರಿಸುತ್ತಾರಂತೆ. ಶುಕ್ರವಾರ ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಪೂಜೆ ಮುಗಿದ ಮೇಲೆ ಗಂಡಸರು ನೆರಳಿನಲ್ಲಿ ನಿಂತು ಇದನ್ನೇ ಮಾತಾಡುತ್ತಿದ್ದರು. ನಾನು ಪ್ರತಿದಿನ ಟೈಪ್ ಮಾಡುವ ಪ್ಯಾರಾ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾದ ಸಂಗತಿಯಾಯಿತು. ನನ್ನ ಗಂಡ ಕಾರು ಓಡಿಸುತ್ತ ಹೇಳಿದರು: "ಸೇರಿಸಲಿ ಮಾರಾಯ್ತಿ. ನಿನ್ನ ಅಣ್ಣನ ಕಿವಿ ಹೋಯ್ತಲ್ಲ, ಅದಕ್ಕೆ ಯಾರಾದ್ರೂ ಒಬ್ಬ ಲೆಕ್ಕ ಕೊಡ್ಬೇಕಲ್ಲ."

ನನಗೂ ಹಾಗೇ ಅನಿಸಿತ್ತು. ಅದರ ಜೊತೆಗೇ, ಆರ್ಡರಿನ ಕೊನೆಗೆ ಪಾಕಿಸ್ತಾನ್ ಎಂದು ಟೈಪ್ ಮಾಡಿದ ಕಾಗದವನ್ನು ಸ್ಟೋರಿಗೆ ಒಯ್ದು ಭಾಯ್‌ಸಾಹೇಬರ ಮುಂದೆ ಇಡುವ ದೃಶ್ಯವೂ ಕಣ್ಣಿಗೆ ಬರುತ್ತಿತ್ತು. ಎರಡೂ ಒಂದೇ ತಲೆಯೊಳಗೆ ಇದ್ದವು. ಒಂದು ಇನ್ನೊಂದನ್ನು ಓಡಿಸಲಿಲ್ಲ.

ಜುಲೈಯಲ್ಲಿ ಪಾಕಿಸ್ತಾನವನ್ನು ಸೇರಿಸುವುದಿಲ್ಲ ಎಂದು ತಿಳಿಯಿತು. ಅಂದು ಊಟಕ್ಕೆ ಮುಹಂದಿಸ್ ಇರಲಿಲ್ಲ, ಯಾವುದೋ ಆಸ್ಪತ್ರೆಗೆ ಹೋಗಿದ್ದರು. ಭಾಯ್‌ಸಾಹೇಬ್ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದರು: "ಬೆಹನ್‌ಜಿ, ನಮ್ಮ ಹೆಸರು ಬರಬೇಕಿತ್ತು ಅಂತ ನಿಮಗೆ ಅನಿಸಿತ್ತಲ್ಲ?"

ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಅಣ್ಣನ ಮನೆಗೆ ಫೋನು ತಿರುಗಿಸಿದ ಕೈ ಅದು. "ಹೌದು" ಎಂದೆ.

"ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನನಗೂ ಅನಿಸುತ್ತಿತ್ತು" ಎಂದರು ಅವರು. ಆಮೇಲೆ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕಡೆಗೆ ಸರಿಸಿದರು. ಅಷ್ಟರಲ್ಲಿ ಆ ಮಾತು ಮುಗಿಯಿತು. ಎಷ್ಟೋ ತಿಂಗಳಿಂದ ನಮ್ಮಿಬ್ಬರ ನಡುವೆ ಕೂತಿದ್ದ ಯಾರೋ ಎದ್ದು ಹೋದ ಹಾಗಾಯಿತು.

ಮುಂದಿನ ತಿಂಗಳು ಸುಡಾನಿನ ಹೆಸರು ಬಂತು. ನಮ್ಮ ಆಫೀಸಿನಲ್ಲಿ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎಲ್ಲರ ಕಣ್ಣು ಬೇರೆ ಕಡೆಗಿತ್ತು. ಬೆಳಿಗ್ಗೆ ಮುಹಂದಿಸ್ ಎಂದಿನಂತೆ ಬಂದು, ಬ್ಯಾಗು ಇಟ್ಟು, ನನ್ನ ಮೇಜಿನ ಮುಂದೆ ನಿಂತು, "ಸಿಸ್ಟರ್, ನಿಮ್ಮ ಪ್ಯಾರಾದಲ್ಲಿ ಇನ್ನೊಂದು ಹೆಸರಿಗೆ ಜಾಗ ಮಾಡಿ" ಎಂದರು. ನಕ್ಕರು ಕೂಡ. ನಾನು ನಗಲಿಲ್ಲ. ನನಗಿನ್ನೂ ಸುದ್ದಿ ಗೊತ್ತಿರಲಿಲ್ಲ.

ಪ್ಯಾರಾದಲ್ಲಿ ಹೆಸರು ಸೇರಿಸುವುದಷ್ಟೇ ಆಗಿದ್ದರೆ ಈ ಕಥೆಯನ್ನು ಹೇಳುತ್ತಿರಲಿಲ್ಲ. ಆಗ ನಮಗೆ ಹೊಸ ಮಾದರಿಯ ಯಂತ್ರವೊಂದು ಬರುವುದಿತ್ತು. ಕಂಪ್ಯೂಟರಿನಿಂದ ನಡೆಯುವಂಥದ್ದು. ಮೊದಲನೆಯದು ಸಲಾಲಾದ ಆಸ್ಪತ್ರೆಗೆ. ಅದರ ತರಬೇತಿಗೆ ಮುಹಂದಿಸ್ ಅಮೆರಿಕಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಅವರ ಹೆಂಡತಿ ಆಗಲೇ ಅವರಿಗೊಂದು ದಪ್ಪ ಕೋಟು ಕೊಂಡು ತಂದಿದ್ದರು. ಸುದ್ದಿ ಬಂದು ಕೆಲವು ವಾರಕ್ಕೆ ಕಂಪನಿಯ ಫ್ಯಾಕ್ಸ್ ಬಂತು. ಪಟ್ಟಿಯಲ್ಲಿರುವ ದೇಶಗಳ ಪ್ರಜೆಗಳಿಗೆ ತರಬೇತಿ ಕೊಡಲು ತಮ್ಮ ವಕೀಲರು ಒಪ್ಪುತ್ತಿಲ್ಲ. ಹೊಸ ಯಂತ್ರದ ರಿಪೇರಿ ಪುಸ್ತಕವನ್ನೂ ಅವರ ಕೈಗೆ ಕೊಡಬಾರದು, ಯಂತ್ರವನ್ನು ಅವರು ಬಿಚ್ಚಬಾರದು. ಬೇರೆ ಯಾರನ್ನಾದರೂ ಕಳಿಸಿ. ಮಾತು ಬಹಳ ವಿನಯದ್ದೇ, ತಮಗೆ ವಿಷಾದವಿದೆ ಎಂದೂ ಇತ್ತು.

ಫ್ಯಾಕ್ಸನ್ನು ಅರ್ಬಾಬರೇ ಮುಹಂದಿಸರಿಗೆ ಓದಲು ಕೊಟ್ಟರು. ಮುಹಂದಿಸ್ ಎಂದಿನಂತೆ ಪೂರ್ತಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕೇಳಿದ್ದು ಒಂದೇ: ಆ ಕಾಯಿದೆಯ ಪ್ರತಿ ಎಲ್ಲಿ ಸಿಗುತ್ತದೆ? ತಾನು ಯಾವ ಮಾತಿನ ಕೆಳಗೆ ಬಂದೆ ಎಂದು ತನಗೆ ನೋಡಬೇಕು.

ಅರ್ಬಾಬರಿಗೆ ಪರಿಚಯದ ಒಬ್ಬ ವಕೀಲರ ಮೂಲಕ ಪ್ರತಿ ತರಿಸಲು ಸಾಕಷ್ಟು ಸಮಯ ಹಿಡಿಯಿತು. ಬಂದದ್ದು ಜೆರಾಕ್ಸ್ ಮಾಡಿದ ಕೆಲವೇ ಹಾಳೆಗಳು. ಊಟದ ಹೊತ್ತಿನಲ್ಲಿ ಸ್ಟೋರಿನ ಮೇಜಿನ ಮೇಲೆ ನಾವು ಅದನ್ನು ಓದಿದೆವು. ನಾನು ಗಟ್ಟಿಯಾಗಿ ಓದುವುದು, ಅವರು ತಡೆದು ನಿಲ್ಲಿಸುವುದು, ಭಾಯ್‌ಸಾಹೇಬರಿಗೆ ನಾನು ಹಿಂದಿಯಲ್ಲಿ ಹೇಳುವುದು. ಕಾಯಿದೆಯ ಇಂಗ್ಲಿಷು ಕಲ್ಲಿನಂಥದ್ದು. ಒಂದೊಂದು ವಾಕ್ಯ ಅರ್ಧ ಪುಟದುದ್ದ. ಆದರೆ ನಿಧಾನವಾಗಿ ಓದಿದರೆ ಅರ್ಥವಾಗುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಅಷ್ಟು ವರ್ಷ ಟೈಪ್ ಮಾಡಿದ ಸಂಗತಿಯ ಒಳಗೆ ನಾನು ಕಾಲಿಟ್ಟದ್ದು ಆ ಮಧ್ಯಾಹ್ನ.

ಮುಹಂದಿಸ್ ಪೆನ್ಸಿಲ್ ಹಿಡಿದು ಒಂದೇ ಪದದ ಅಡಿಗೆ ಗೆರೆ ಎಳೆಯುತ್ತ ಹೋದರು. ಸರಕಾರ. ಪುನಃ ಸರಕಾರ. ಭಯೋತ್ಪಾದನೆಗೆ ನೆರವಾದದ್ದು ಸರಕಾರ, ಆಯುಧ ಸಿಗಬಾರದ್ದು ಸರಕಾರಕ್ಕೆ. ದೇಶದ ಹೆಸರು ಬರುವುದು ಅದು ಯಾರ ಸರಕಾರ ಎಂದು ಹೇಳುವುದಕ್ಕೆ. ಪ್ರಜೆಯ ಮಾತು ನಮ್ಮ ಕೈಯಲ್ಲಿದ್ದ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ.

"ನನ್ನನ್ನು ಕೆಲಸದಿಂದ ತೆಗೆದದ್ದು ಇದೇ ಸರಕಾರ" ಎಂದರು ಅವರು. "ಇವರು ಅದರ ವಿಷಯ ಬರೆದದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ನನಗಿಂತ ಹೆಚ್ಚಾಗಿ ಅದನ್ನು ಯಾರು ಬಲ್ಲರು? ಆದರೆ ನಾನು ಅದರಿಂದ ಓಡಿ ಬಂದವನು. ಈಗ ನನ್ನನ್ನು ಹಿಡಿದು ಅದರ ಪಕ್ಕದಲ್ಲೇ ನಿಲ್ಲಿಸಿದ್ದಾರೆ."

ಹೆಸರನ್ನು ತೆಗೆಯುವುದು ಹೇಗೆ ಎಂಬ ಭಾಗವೂ ಅದರಲ್ಲಿತ್ತು. ಸರಕಾರದ ನಾಯಕತ್ವವೂ ನೀತಿಯೂ ಬುಡಸಮೇತ ಬದಲಾಗಬೇಕು. ಇಲ್ಲವೆ ಆರು ತಿಂಗಳು ಅದು ಅಂಥ ನೆರವು ಕೊಟ್ಟಿರಬಾರದು, ಮುಂದೆಯೂ ಕೊಡುವುದಿಲ್ಲವೆಂದು ಮಾತು ಕೊಡಬೇಕು. ಎರಡರಲ್ಲಿ ಒಂದನ್ನು ಅಮೆರಿಕದ ಅಧ್ಯಕ್ಷರು ತಮ್ಮ ಸಂಸತ್ತಿಗೆ ಬರೆದು ತಿಳಿಸಬೇಕು. ಇದನ್ನು ಓದಿದಾಗ ಭಾಯ್‌ಸಾಹೇಬ್ ಮೊದಲ ಬಾರಿಗೆ ಬಾಯಿ ಹಾಕಿದರು. ತಪ್ಪು ಮಾಡಿದ ಸರಕಾರಕ್ಕೆ ಹೊರಬರಲು ಎರಡು ದಾರಿ ಇಟ್ಟಿದ್ದಾರೆ, ಮುಹಂದಿಸರಿಗೆ ಒಂದೂ ಇಲ್ಲವಲ್ಲ ಎಂದರು. ಮುಹಂದಿಸ್ ಹೌದೆಂದು ತಲೆಯಾಡಿಸಿ, ಏಕೆಂದರೆ ಈ ಕಾಯಿದೆಯ ಒಳಗೆ ನಾನು ಇಲ್ಲವೇ ಇಲ್ಲ, ಒಳಗಿಲ್ಲದವನಿಗೆ ಹೊರಬರುವ ಬಾಗಿಲು ಯಾಕೆ ಎಂದರು.

ಕಂಪನಿಗೆ ಉತ್ತರ ಬರೆಯಿಸಿದ್ದು ಅರ್ಬಾಬರು. ನಾನು ಶಾರ್ಟ್‌ಹ್ಯಾಂಡಿನಲ್ಲಿ ಇಳಿಸಿಕೊಂಡೆ. ನಿಮ್ಮ ಕಾಯಿದೆ ಒಂದು ಸರಕಾರದ ವಿಷಯ ಹೇಳುತ್ತದೆ, ನನ್ನ ಇಂಜಿನಿಯರು ಸರಕಾರವಲ್ಲ, ಆ ಸರಕಾರವೇ ಬೇಡವೆಂದು ಹೊರಗಟ್ಟಿದ ಮನುಷ್ಯ. ಹೀಗೆ ಹೇಳುತ್ತ ಹೋದವರು ನಡುವೆ ನಿಂತು ಕಿಟಕಿಯ ಕಡೆ ನೋಡಿದರು. ಜಂಜಿಬಾರಿನಲ್ಲಿ ಕ್ರಾಂತಿಯಾಗಿ ಅಲ್ಲಿನ ಅರಬ್ ಸುಲ್ತಾನನನ್ನು ಇಳಿಸಿದಾಗ ತಮ್ಮ ತಂದೆ ಅಂಗಡಿಯ ಹಿಂಬಾಗಿಲಲ್ಲಿ ನಿಂತು, ನಾನು ಸುಲ್ತಾನನ ಕಡೆಯವನಲ್ಲ, ಲವಂಗದ ವ್ಯಾಪಾರಿ ಎಂದು ಬಂದವರಿಗೆ ಹೇಳುತ್ತಿದ್ದುದನ್ನು ತಾವು ಕೇಳಿದ್ದುಂಟು ಎಂದರು. ಬಂದವರು ಕೇಳಿಸಿಕೊಂಡರೇ ಎಂದು ನಾನು ಕೇಳಿದೆ. ಅವರು ಪತ್ರಕ್ಕೆ ಮರಳಿ ಮುಂದಿನ ವಾಕ್ಯ ಹೇಳಿದರು.

ಪತ್ರಗಳು ಹೋಗುತ್ತಿದ್ದವು, ಬರುತ್ತಿದ್ದವು. ಕಂಪನಿಯವರು ಕೆಟ್ಟವರಲ್ಲ. ಅಲ್ಲಿನ ಒಬ್ಬ ಅಧಿಕಾರಿ ಖಾಸಗಿಯಾಗಿ ಅರ್ಬಾಬರಿಗೆ ಫೋನು ಮಾಡಿ, ನಿಮ್ಮ ಮಾತು ಸರಿಯಿರಬಹುದು, ಆದರೆ ಸಂಶಯ ಬಂದಲ್ಲಿ ಬೇಡವೆನ್ನುವುದೇ ನಮ್ಮ ವಕೀಲರ ಕೆಲಸ ಎಂದರಂತೆ. ಕಡೆಗೆ ನಮ್ಮಲ್ಲೇ ಇದ್ದ ತಮಿಳುನಾಡಿನ ಟೆಕ್ನಿಷಿಯನ್ ಒಬ್ಬರನ್ನು ತರಬೇತಿಗೆ ಕಳಿಸಿದರು. ಅವರು ಹೋಗುವ ಮೊದಲು ಮುಹಂದಿಸರ ಹತ್ತಿರ ಬಂದು ಸಂಕೋಚದಿಂದ ನಿಂತರು. ಮುಹಂದಿಸ್ ತಮ್ಮ ಹೊಸ ಕೋಟನ್ನು ಅವರಿಗೆ ಕೊಟ್ಟು ಕಳಿಸಿದರು. ತೋಳು ಬಹಳ ಉದ್ದವಾಯಿತೆಂದು ಅವರು ಆಮೇಲೆ ಹೇಳಿದ್ದುಂಟು.

ಮರುವರ್ಷ ಸಲಾಲಾದಲ್ಲಿ ಯಂತ್ರ ಕೂರಿಸಿದ್ದಾಯಿತು. ಅಲ್ಲಿಗೆ ಜೂನ್ ಕಳೆದರೆ ಖರೀಫ್ ಎಂಬ ಮಳೆಗಾಲ ಬರುತ್ತದೆ. ತಿಂಗಳುಗಟ್ಟಲೆ ಹಿಟ್ಟಿನ ಹಾಗೆ ಉದುರುವ ತುಂತುರು, ಗೋಡೆಗೆ ಒದ್ದೆ, ಬಟ್ಟೆಗೆ ಒದ್ದೆ. ಆ ತೇವಕ್ಕೆ ಹೊಸ ಯಂತ್ರ ಕೆಲಸ ನಿಲ್ಲಿಸಿತು. ಟೆಕ್ನಿಷಿಯನ್ ಹೋದರು. ಆಸ್ಪತ್ರೆಯ ಹಳೆಯ ಯಂತ್ರವೊಂದನ್ನು ನೋಡಲು ಮುಹಂದಿಸರೂ ಜೊತೆಗೆ ಹೋಗಿದ್ದರು. ಎರಡು ದಿನವಾದರೂ ಹೊಸದು ಸರಿಯಾಗಲಿಲ್ಲ. ಆಸ್ಪತ್ರೆಯವರು ಅರ್ಬಾಬರಿಗೆ ಫೋನು ಮಾಡಿ ಗದರಿಸಿದರು. ಅರ್ಬಾಬರು ಕೂಡಲೇ ಮುಹಂದಿಸರನ್ನು ಫೋನಿಗೆ ಕರೆಸಿದರು. ಫೋನಿನ ಸ್ಪೀಕರ್ ಹಾಕಿತ್ತು, ನಾನು ಎದುರಿಗೇ ಕೂತಿದ್ದೆ. ಸಿಟ್ಟಿನ ಮಾತಿಗೆ ಅವರಿಬ್ಬರೂ ಇಂಗ್ಲಿಷನ್ನು ಹಿಡಿಯುತ್ತಿದ್ದರು.

"ನೀನು ಒಳಗೆ ಹೋಗಿ ನೋಡು" ಎಂದರು ಅರ್ಬಾಬರು. "ಕೋಣೆಗೆ ಬಾಗಿಲಿದೆ. ಬಾಗಿಲು ಮುಚ್ಚಿದರೆ ಯಾರು ನೋಡುತ್ತಾರೆ? ಅಮೆರಿಕದವನು ಸಲಾಲಾದ ಮಂಜಿನಲ್ಲಿ ನಿಂತಿದ್ದಾನೆಯೇ?"

ಆ ಕಡೆಯಿಂದ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಅವರು ಕಾಯಿದೆಯನ್ನು ತಪ್ಪಾಗಿ ಓದಿದ್ದಾರೆ" ಎಂದರು ಮುಹಂದಿಸ್. "ನಾನು ಬಾಗಿಲು ಮುಚ್ಚಿಕೊಂಡು ಯಂತ್ರ ಬಿಚ್ಚಿದರೆ ಅವರು ಓದಿದ್ದೇ ಸರಿಯಾಗುತ್ತದೆ. ಇಂಥವನ ಕೈಗೆ ಕೊಡಬಾರದು ಎಂದು ಅವರು ಹೇಳಿದ್ದು ನಿಜವಾಗುತ್ತದೆ. ಬಾಗಿಲು ತೆರೆದಿಟ್ಟು ಮಾಡು ಎಂದು ಅವರು ಹೇಳಲಿ, ಈಗಲೇ ಮಾಡುತ್ತೇನೆ."

ಅರ್ಬಾಬರು ಫೋನು ಇಟ್ಟರು. ಅವರಿಗೆ ಸಿಟ್ಟು ಬಂದಿತ್ತು. ಅಷ್ಟು ಜನ ರೋಗಿಗಳು ಕಾದಿರುವಾಗ ಇದೆಂಥ ಹಟ ಎಂದು ನನ್ನೆದುರೇ ಗೊಣಗಿದರು. ನನಗೂ ಆ ಕ್ಷಣಕ್ಕೆ ಹಾಗೇ ಅನಿಸಿತು. ಸಂಜೆಯ ಹೊತ್ತಿಗೆ ನಮಗೆ ತಿಳಿದದ್ದೇನೆಂದರೆ, ಮುಹಂದಿಸ್ ಸುಮ್ಮನೆ ಕೈಕಟ್ಟಿ ಕೂತಿರಲಿಲ್ಲ. ಮೂಲೆಗೆ ಹಾಕಿದ್ದ ಹಳೆಯ ಯಂತ್ರವನ್ನು ಬಿಚ್ಚಿ ಜೋಡಿಸಿ, ಕಾದಿದ್ದ ರೋಗಿಗಳೆಲ್ಲರ ಚಿತ್ರವನ್ನು ಅದರಲ್ಲೇ ತೆಗೆಯುವ ಹಾಗೆ ಮಾಡಿದ್ದರು. ಅದು ಜರ್ಮನಿಯದು, ಅದರ ಮೇಲೆ ಯಾರ ಕಟ್ಟಳೆಯೂ ಇರಲಿಲ್ಲ. ಹೊಸದನ್ನು ಟೆಕ್ನಿಷಿಯನ್ ಅಮೆರಿಕಕ್ಕೆ ಫೋನು ಮಾಡಿ ಕೇಳಿ ಕೇಳಿ ಮತ್ತೆ ಕೆಲವು ದಿನದಲ್ಲಿ ಸರಿಮಾಡಿದರು.

ಮುಹಂದಿಸ್ ಘಾಲಾಕ್ಕೆ ಮರಳಿದ ಮೇಲೆ ಅವರೂ ಅರ್ಬಾಬರೂ ಒಂದು ವಾರ ಮಾತಾಡಲಿಲ್ಲ. ಊಟದ ಮೇಜಿನಲ್ಲಿ ಮುಹಂದಿಸ್ ತೆಳ್ಳಗಾದ ಹಾಗೆ ಕಂಡರು. ಹೊಸ ಯಂತ್ರಗಳೇ ಇನ್ನು ಮುಂದೆ ಬರುವುದು, ಹಳೆಯವು ಒಂದೊಂದಾಗಿ ಹೋಗುತ್ತವೆ, ಆಮೇಲೆ ಇಲ್ಲಿ ನನಗೇನು ಕೆಲಸ ಎಂದು ಒಮ್ಮೆ ಹೇಳಿದರು. ಭಾಯ್‌ಸಾಹೇಬ್ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ದಾರಿ ಕಂಡುಹಿಡಿದದ್ದು ಅರ್ಬಾಬರೇ. ಒಂದು ಬೆಳಿಗ್ಗೆ ಮುಹಂದಿಸರನ್ನೂ ನನ್ನನ್ನೂ ಕೋಣೆಗೆ ಕರೆದರು. ಯಂತ್ರ ಮಾರಿದ ಮೇಲೆ ಅದು ಆಸ್ಪತ್ರೆಯದು, ರಿಪೇರಿ ಪುಸ್ತಕವೂ ಯಂತ್ರದ ಜೊತೆಗೆ ಆಸ್ಪತ್ರೆಗೆ ಹೋಗಿದೆ. ಕಂಪನಿ ಕಟ್ಟಿಹಾಕಿದ್ದು ತಮ್ಮನ್ನು, ತಮ್ಮ ನೌಕರರನ್ನು. ಆಸ್ಪತ್ರೆ ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ಕಂಪನಿ ಹೇಳುವ ಹಾಗಿಲ್ಲ. ಸಲಾಲಾದ ಆಸ್ಪತ್ರೆಯವರಿಗೆ ತಮ್ಮದೇ ವರ್ಕ್‌ಶಾಪಿಗೆ ಒಬ್ಬ ಇಂಜಿನಿಯರ್ ಬೇಕಾಗಿದ್ದಾರೆ. ತಾವು ಮಾತಾಡಿದ್ದಾಗಿದೆ. ಇಷ್ಟು ಹೇಳಿ ಅವರು ಮುಹಂದಿಸರ ಮುಖ ನೋಡಿದರು.

"ನಾನು ಕಫೀಲ್, ನಾನು ಬಿಡುಗಡೆ ಕೊಟ್ಟರೆ ನೀನು ಹೋಗಬಹುದು" ಎಂದರು. "ನಿನ್ನಂಥವನು ನನಗೆ ಮತ್ತೆ ಸಿಗುವುದಿಲ್ಲ. ಅದು ನನ್ನ ತೊಂದರೆ."

ಪರದೇಶಿ ನೌಕರನ ಹೊಣೆ ಹೊತ್ತವನೇ ಕಫೀಲ್. ಅವನ ಒಪ್ಪಿಗೆ ಇಲ್ಲದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿಲ್ಲ, ಎಷ್ಟೋ ಜನ ಕಫೀಲರು ಅದನ್ನು ಕೊಡುತ್ತಲೂ ಇರಲಿಲ್ಲ. ಮುಹಂದಿಸ್ ತಕ್ಷಣ ಒಪ್ಪಲಿಲ್ಲ. ಆಸ್ಪತ್ರೆ ಕಂಪನಿಯ ಜೊತೆ ಮಾಡಿಕೊಂಡ ಕರಾರನ್ನು ಮೊದಲು ಓದಬೇಕು ಎಂದರು. ಅರ್ಬಾಬರು ನನ್ನ ಕಡೆ ನೋಡಿ ಕೈಯೆತ್ತಿ ನಕ್ಕರು. ನಾನು ತರಿಸಿ ಕೊಟ್ಟೆ. ಅದರಲ್ಲಿ ಯಂತ್ರವನ್ನು ಪಟ್ಟಿಯ ದೇಶಗಳಿಗೆ ಕಳಿಸಬಾರದು ಎಂದಿತ್ತು, ಯಾರು ರಿಪೇರಿ ಮಾಡಬೇಕೆಂದು ಇರಲಿಲ್ಲ. ಅಷ್ಟಾದರೂ ಅವರು ಒಂದು ಮಾತು ಕೇಳಿಕೊಂಡರು: ತಾನು ಅಲ್ಲಿಗೆ ಸೇರಿದ್ದನ್ನು ಕಂಪನಿಗೆ ಪತ್ರ ಬರೆದು ತಿಳಿಸಬೇಕು. ಅರ್ಬಾಬರು ಖಲಾಸ್ ಎಂದರು, ಆಯಿತು ಎಂಬಂತೆ. ಪತ್ರ ನಾನೇ ಟೈಪ್ ಮಾಡಿದೆ. ತಿಂಗಳಾದ ಮೇಲೆ ಉತ್ತರ ಬಂತು. ಮಾಹಿತಿ ತಲುಪಿದೆ, ಧನ್ಯವಾದ ಎಂದಷ್ಟೇ ಇತ್ತು. ಬೇಡವೆಂದೂ ಇರಲಿಲ್ಲ, ಆಗಬಹುದೆಂದೂ ಇರಲಿಲ್ಲ.

ಅವರು ಹೋದ ಮೇಲೆ ಸ್ಟೋರಿನ ಮೇಜಿನಲ್ಲಿ ನಾನೂ ಭಾಯ್‌ಸಾಹೇಬರೂ ಉಳಿದೆವು. ಅವರ ಮೊಣಕಾಲು ಪೂರಾ ಕೈಕೊಟ್ಟು, ಅವರು ಕರಾಚಿಗೆ ಮರಳುವ ತನಕ ಹಾಗೇ ನಡೆಯಿತು.

ಒಂದೆರಡು ವರ್ಷದ ಮೇಲೆ, ಖರೀಫಿನಲ್ಲಿ, ನಾವು ಮಕ್ಕಳನ್ನು ಕರೆದುಕೊಂಡು ಸಲಾಲಾಕ್ಕೆ ಹೋದೆವು. ಮಸ್ಕತ್ತಿನ ಬಿಸಿಲಲ್ಲಿ ಬೆಂದವರಿಗೆ ಅಲ್ಲಿನ ತುಂತುರು ನೋಡುವುದೇ ಒಂದು ಹಬ್ಬ. ತೆಂಗಿನ ತೋಟಗಳನ್ನು ಕಂಡು ನನ್ನ ಗಂಡ ಕಾರು ನಿಲ್ಲಿಸಿ ಇಳಿದು ಸುಮ್ಮನೆ ಅಡ್ಡಾಡಿದರು. ಮುಹಂದಿಸ್ ನಮ್ಮನ್ನು ಊಟಕ್ಕೆ ಕರೆದಿದ್ದರು. ಊಟಕ್ಕೆ ಮೊದಲು ಆಸ್ಪತ್ರೆಗೆ ಕರೆದೊಯ್ದು ವರ್ಕ್‌ಶಾಪು ತೋರಿಸಿದರು. ಎಕ್ಸ್‌ರೇ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಒಳಗೆ ಹೋಗಿ ಯಂತ್ರದ ಮೇಲೆ ಕೈಯಿಟ್ಟು, ಇದಕ್ಕೆ ತೇವ ತಾಗದ ಹಾಗೆ ತಾನು ಏನೇನು ಮಾಡಿದೆ ಎಂದು ನನ್ನ ಗಂಡನಿಗೆ ವಿವರಿಸಿದರು. ಬ್ಯಾಂಕಿನವರಿಗೆ ಅದರಲ್ಲಿ ಎಷ್ಟು ಅರ್ಥವಾಯಿತೋ, ತಲೆಯಾಡಿಸುತ್ತ ಕೇಳಿದರು.

ಊಟವಾಗುವಾಗ ನನ್ನ ಗಂಡ ಅವರನ್ನು ಕೇಳಿದರು, ನಿಮ್ಮ ದೇಶದ ಹೆಸರು ಇನ್ನೂ ಆ ಪಟ್ಟಿಯಲ್ಲಿದೆಯಲ್ಲ, ಅದನ್ನು ಬರೆದವರ ಮೇಲೆ ನಿಮಗೆ ಸಿಟ್ಟಿಲ್ಲವೇ ಎಂದು. ಮುಹಂದಿಸ್ ನಿಧಾನವಾಗಿ ಹೇಳಿದರು: ಬರೆದವರ ಮೇಲೆ ಸಿಟ್ಟಿಲ್ಲ, ಅವರು ಒಂದು ಪದವನ್ನು ಸರಿಯಾಗಿಯೇ ಬರೆದಿದ್ದಾರೆ. ಆ ಪದ ವಾಷಿಂಗ್‌ಟನ್ನಿನಿಂದ ಹೊರಟು ವಕೀಲರ ಕೈಗೆ, ವಕೀಲರಿಂದ ಕಂಪನಿಗೆ, ಕಂಪನಿಯಿಂದ ಘಾಲಾಕ್ಕೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ಬದಲಾಗಿಬಿಡುತ್ತದೆ. ಎಲ್ಲಿ ಬದಲಾಯಿತೆಂದು ತಾನು ಬಹಳ ಹುಡುಕಿದೆ, ಸಿಗಲಿಲ್ಲ.

ಅವರ ಹೆಂಡತಿ ದಾಸವಾಳದ ಜಾತಿಯ ಯಾವುದೋ ಹೂವು ಒಣಗಿಸಿ ಕುದಿಸಿದ ಕೆಂಪು ಶರಬತ್ತು ತಂದರು. ಅವರ ಹಿರಿಯ ಮಗಳು ಅಲ್ಲಿನ ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದಳು. ಹಿಂದಿಯಲ್ಲಿ ಯಾವ ಪದ ಗಂಡು, ಯಾವ ಪದ ಹೆಣ್ಣು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲವಂತೆ. ಇಂಗ್ಲಿಷಿನಲ್ಲಿ ನನ್ನನ್ನು ಕೇಳಿ, ಪುಸ್ತಕ ತಂದು ಪಕ್ಕದಲ್ಲಿ ಕೂತಳು. ನಾನೂ ಅದರಲ್ಲಿ ಗಟ್ಟಿ ಇರಲಿಲ್ಲ. ಹಿಂದಿ ಕಲಿತದ್ದು ಸ್ಟೋರಿನಲ್ಲಿ, ಭಾಯ್‌ಸಾಹೇಬರ ಬಾಯಿಂದ. ಅವರು ಹೇಗೆ ಹೇಳುತ್ತಿದ್ದರೆಂದು ನೆನಪು ಮಾಡಿಕೊಂಡು ಒಂದೊಂದೇ ಪದವನ್ನು ಹೇಳಿಕೊಟ್ಟೆ. ಮೇಜು ಹೆಣ್ಣು, ಬಾಗಿಲು ಗಂಡು. ಯಾಕೆ ಹಾಗೆ ಎಂದು ಅವಳು ಕೇಳಿದಳು. ಯಾಕೆಂದು ನನಗೆ ಗೊತ್ತಿಲ್ಲ, ಹಾಗೆ ಹೇಳುತ್ತಾರೆ ಅಷ್ಟೇ ಎಂದೆ. ಅವಳಿಗೆ ಆ ಉತ್ತರ ಸಾಕಾಗಲಿಲ್ಲ. ಪೆನ್ಸಿಲ್ ಕಚ್ಚುತ್ತ ಅಪ್ಪನ ಮುಖ ನೋಡಿದಳು.